ಸಂಶೋಧನಾ ಕೇಂದ್ರದ ಆಡಳಿತ: ನಿಯಮ ಪಾಲಿಸಿದರೂ ಕೆಲಸ ಕೆಡುವುದನ್ನು ತಪ್ಪಿಸುವುದು ಹೇಗೆ?

ಪ್ರಶ್ನೆ: ಹೊಸ ಆಡಳಿತಾಧಿಕಾರಿ

ಎಲ್ಲರಿಗೂ ನಮಸ್ಕಾರ. ಹದಿನಾರು ವರ್ಷ ಬೇರೆ ಬೇರೆ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದ ನಾನು, ಆರು ತಿಂಗಳ ಹಿಂದೆ ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುವ ಒಂದು ಜೀವವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಆಡಳಿತಾಧಿಕಾರಿಯಾಗಿ ನಿಯೋಜನೆಯ ಮೇಲೆ ಬಂದಿದ್ದೇನೆ. ಕಡತ, ಟಿಪ್ಪಣಿ, ಟೆಂಡರ್ ನನಗೆ ಹೊಸದಲ್ಲ; ಆದರೆ ನಿಯಮ ಪಾಲಿಸಿದ ಮೇಲೂ ಕೆಲಸ ಕೆಡುವುದನ್ನು ಇಲ್ಲಿ ಮೊದಲ ಸಲ ನೋಡುತ್ತಿದ್ದೇನೆ.

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ ಆರರ ಹೊತ್ತಿಗೆ, ಡ್ರೈ ಐಸ್ (ಘನರೂಪದ ಇಂಗಾಲದ ಡೈಆಕ್ಸೈಡ್) ತುಂಬಿದ ಥರ್ಮೋಕೋಲ್ ಪೆಟ್ಟಿಗೆಯೊಂದು ನಮ್ಮ ಗೇಟಿಗೆ ಬಂತು. ಉಗ್ರಾಣಕ್ಕೆ ಐದೂವರೆಗೇ ಬೀಗ ಬಿದ್ದಿತ್ತು. ಕಾವಲು ಸಿಬ್ಬಂದಿ ರಿಜಿಸ್ಟರಿನಲ್ಲಿ ಬರೆದುಕೊಂಡು, ಪೆಟ್ಟಿಗೆಯನ್ನು ಜೋಪಾನವಾಗಿ ತಮ್ಮ ಕೊಠಡಿಯಲ್ಲಿಟ್ಟರು. ಸೋಮವಾರ ಬೆಳಿಗ್ಗೆ ತೆರೆದಾಗ ಐಸ್ ಪೂರ್ತಿ ಆವಿಯಾಗಿತ್ತು, ಒಳಗಿದ್ದ ಕಿಣ್ವದ ಪುಟ್ಟ ಸೀಸೆಗಳು ಬೆಚ್ಚಗಾಗಿದ್ದವು. ಅದಕ್ಕಾಗಿ ಎರಡು ತಿಂಗಳು ಕಾದಿದ್ದ ಸಂಶೋಧನಾ ವಿದ್ಯಾರ್ಥಿನಿ ನನ್ನ ಮೇಜಿನ ಎದುರು ಮಾತಾಡದೆ ನಿಂತಿದ್ದರು. ಯಾರನ್ನು ದೂರಲಿ? ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು.

ಖರೀದಿಯಲ್ಲೂ ಇದೇ ಪಾಡು. ವಿಜ್ಞಾನಿಗಳು ತಡವಾಯಿತೆನ್ನುತ್ತಾರೆ, ಆಡಿಟ್‌ನವರು ಅವಸರ ಮಾಡಿದಿರೆನ್ನುತ್ತಾರೆ. ಇಂಥ ಸಂಸ್ಥೆಗಳಲ್ಲಿ ದುಡಿದ ಅನುಭವವಿರುವವರು, ಎಲ್ಲಿಂದ ಸರಿಪಡಿಸತೊಡಗಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಖರೀದಿ ಅಧಿಕಾರಿ

ಗೇಟಿನಿಂದಲೇ ತೊಡಗಿ. ತಣ್ಣಗಿಡಬೇಕಾದ ಸಾಮಾನು ಯಾವ ದಿನ ಬರುತ್ತದೆಂಬುದನ್ನು ಖರೀದಿ ಆದೇಶದಲ್ಲೇ ಬರೆಯಿಸಿ: ಸೋಮವಾರದಿಂದ ಗುರುವಾರದೊಳಗೆ, ಕಚೇರಿಯ ವೇಳೆಯಲ್ಲಿ ಮಾತ್ರ ತಲುಪಿಸತಕ್ಕದ್ದು. ಅದನ್ನೂ ಮೀರಿ ಬಂದದ್ದಕ್ಕೆ ಗೇಟಿನ ಹತ್ತಿರ ಒಂದು ಫ್ರೀಜರ್, ಒಂದು ದಪ್ಪ ಕೈಗವಸು, ಆಯಾ ಪ್ರಯೋಗಾಲಯದವರ ದೂರವಾಣಿ ಪಟ್ಟಿ ಇರಲಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಡ್ರೈ ಐಸ್ ಪೆಟ್ಟಿಗೆಯನ್ನು ಕಿಟಕಿ ಮುಚ್ಚಿದ ಕಾವಲು ಕೊಠಡಿಯಲ್ಲಿ ಇಡಲೇಬಾರದು. ಅದು ಆವಿಯಾದರೆ ಬರುವುದು ಇಂಗಾಲದ ಡೈಆಕ್ಸೈಡ್, ಒಳಗೆ ಕುಳಿತವರಿಗೆ ಉಸಿರು ಕಟ್ಟೀತು. ನಿಮ್ಮಲ್ಲಿ ಕಿಣ್ವ ಹಾಳಾದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿತು.

ಖರೀದಿಯ ವಿಷಯದಲ್ಲಿ, ಮೊದಲು ಈಗಿನ ಮಿತಿಗಳನ್ನು ನಿಮ್ಮ ಸಿಬ್ಬಂದಿ ಬಲ್ಲರೇ ಎಂದು ನೋಡಿ. 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ವಿಜ್ಞಾನ ಇಲಾಖೆಗಳ ಸಂಸ್ಥೆಗಳಿಗೆಂದು 2025ರ ಜೂನ್‌ನಲ್ಲಿ ಸಡಿಲಿಸಲಾಗಿದೆ. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ರೂಪಾಯಿಗೆ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ, ಆಯ್ದ ಕೆಲವು ಮಾರಾಟಗಾರರಿಂದಷ್ಟೇ ದರ ಕೇಳುವ ಸೀಮಿತ ಟೆಂಡರ್ ಮಿತಿ 50 ಲಕ್ಷದಿಂದ 1 ಕೋಟಿಗೆ ಏರಿದೆ. ಸಂಶೋಧನೆಗೆ ಬೇಕಾದ ಉಪಕರಣ ಮತ್ತು ರಾಸಾಯನಿಕಗಳನ್ನು ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಬಿಟ್ಟು ಹೊರಗೆ ಕೊಳ್ಳಲು ನಿರ್ದೇಶಕರೇ ಅನುಮತಿ ಕೊಡಬಹುದು. ಮಿತಿ ಬದಲಾದ ಮೇಲೂ ಹಳೆಯ ನಮೂನೆಯ ಟಿಪ್ಪಣಿಯನ್ನೇ ನಕಲು ಮಾಡಿ, ಬೇಡದ ಹಂತಗಳಿಗೆಲ್ಲ ಕಡತವನ್ನು ಅಲೆಸುವ ರೂಢಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಮಿತಿ ಏರಿತೆಂದು ಒಂದು ಬೇಡಿಕೆಯನ್ನು ಮೂರು ತುಂಡು ಮಾಡಲು ಬಿಡಬೇಡಿ. 157ನೆಯ ನಿಯಮ ಅದನ್ನು ತಡೆಯುತ್ತದೆ, ಆಡಿಟ್‌ನವರ ಕಣ್ಣು ಮೊದಲು ಬೀಳುವುದೂ ಅಲ್ಲಿಯೇ. ಒಬ್ಬರೇ ತಯಾರಕರಿಂದ ಕೊಳ್ಳುವಾಗ ‘ಬೇರೆ ಯಾವುದೂ ಹೊಂದುವುದಿಲ್ಲ’ ಎಂಬ ಒಂದು ಸಾಲಿನ ಪ್ರಮಾಣಪತ್ರ ಸಾಲದು. ಈಗಾಗಲೇ ಇರುವ ಯಂತ್ರಕ್ಕೆ ಅದೇ ತಯಾರಕರ ಬಿಡಿಭಾಗ ಬೇಕೇ, ಮೂರು ವರ್ಷದ ಮಾಪನಗಳೊಡನೆ ಹೋಲಿಸಲು ಅದೇ ಪ್ರತಿಕಾಯ ಬೇಕೇ ಎಂಬ ವೈಜ್ಞಾನಿಕ ಕಾರಣವನ್ನು ವಿಜ್ಞಾನಿಯೇ ಬರೆಯಬೇಕು. ನನ್ನ ಅನುಭವದಲ್ಲಿ ಕಾರಣ ಸ್ಪಷ್ಟವಾಗಿದ್ದ ಕಡತ ಆಕ್ಷೇಪಣೆಗೆ ಸಿಕ್ಕಿದ್ದು ತೀರಾ ಕಡಿಮೆ.

ಉತ್ತರ: ಪ್ರಯೋಗಾಲಯದಿಂದ ಒಬ್ಬರು

ಮೇಲಿನ ಹಿರಿಯರ ಮಾತಿಗೆ ನಮ್ಮ ಕಡೆಯ ತಪ್ಪನ್ನೂ ಸೇರಿಸಬೇಕು. ವಿಜ್ಞಾನಿಗಳಾದ ನಾವು ಇಂಡೆಂಟನ್ನು, ಅಂದರೆ ಖರೀದಿಯ ಬೇಡಿಕೆ ಪತ್ರವನ್ನು, ಕಡೆಯ ಗಳಿಗೆಯಲ್ಲಿ ಕೊಟ್ಟು, ಕೆಳಗೆ ‘ತುರ್ತು’ ಎಂದು ಬರೆಯುತ್ತೇವೆ; ಎಲ್ಲವೂ ತುರ್ತಾದಾಗ ಖರೀದಿ ವಿಭಾಗದವರು ಯಾವುದನ್ನು ಮೊದಲು ಎತ್ತಿಕೊಳ್ಳಬೇಕು? ನಮ್ಮಲ್ಲಿ ಒಮ್ಮೆ ಮೈನಸ್ 80 ಡಿಗ್ರಿಯ ಫ್ರೀಜರ್ ಬಂದು, ಅದನ್ನಿಡುವ ಕೋಣೆಗೆ ಬೇಕಾದ ವಿದ್ಯುತ್ ಸಂಪರ್ಕ ಆಗದೆ ನಾಲ್ಕು ತಿಂಗಳು ಮೊಗಸಾಲೆಯಲ್ಲಿ ನಿಂತಿತ್ತು. ವಾರಂಟಿ ಮಾತ್ರ ಓಡುತ್ತಲೇ ಇತ್ತು. ಅಂದಿನಿಂದ ಕೋಣೆ, ವಿದ್ಯುತ್, ಹವಾನಿಯಂತ್ರಣ ಸಿದ್ಧವೆಂದು ಎಂಜಿನಿಯರಿಂಗ್ ವಿಭಾಗ ಸಹಿ ಮಾಡದೆ ದೊಡ್ಡ ಉಪಕರಣದ ಇಂಡೆಂಟ್ ಮುಂದೆ ಹೋಗುವುದಿಲ್ಲ.

ಯೋಜನಾ ಪ್ರಸ್ತಾವನೆಯ ಅಂದಾಜು ವೆಚ್ಚದ ಪಟ್ಟಿಯನ್ನೂ ನೀವು ನೋಡಿಕೊಡಿ. ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗಿದ್ದ ಶೇ. 5ರ ಜಿಎಸ್‌ಟಿ ರಿಯಾಯಿತಿ 2022ರ ಜುಲೈ 18ರಿಂದ ರದ್ದಾಗಿ, ಹೆಚ್ಚಿನವಕ್ಕೆ ಶೇ. 18 ಬಿತ್ತು. ಅದಕ್ಕೆ ಮೊದಲೇ ಮಂಜೂರಾಗಿದ್ದ ನಮ್ಮ ಯೋಜನೆಯಲ್ಲಿ ಆ ವ್ಯತ್ಯಾಸಕ್ಕೆ ಹಣವೇ ಇರಲಿಲ್ಲ. ತೆರಿಗೆಯನ್ನು ಬಲ್ಲವರೊಬ್ಬರು ಪ್ರಸ್ತಾವನೆಯ ಹಂತದಲ್ಲೇ ಪಕ್ಕದಲ್ಲಿ ಕುಳಿತರೆ ನಮಗೆ ದೊಡ್ಡ ಆಸರೆ.

ಕೊನೆಯದಾಗಿ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಶಿಷ್ಯವೇತನ. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಗೆ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅದು ಮೂರು ತಿಂಗಳು ತಡವಾದರೆ, ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಬೇಕಾದ, ಊರಿಗೂ ಹಣ ಕಳಿಸಬೇಕಾದ ವಿದ್ಯಾರ್ಥಿಯ ಪ್ರಯೋಗ ಹೇಗೆ ಸಾಗೀತು? ಹಾಜರಿ ಪಟ್ಟಿಗೆ ಮಾರ್ಗದರ್ಶಕರ ಸಹಿ ತಿಂಗಳ 20ರೊಳಗೆ ಬರಬೇಕೆಂದು ನಮ್ಮನ್ನು ಒತ್ತಾಯಿಸಿ. ನಮಗೆ ಬೇಸರವಾದರೂ ಸರಿ.

ಉತ್ತರ: ಲೆಕ್ಕಪತ್ರ ವಿಭಾಗದಿಂದ

ಶಿಷ್ಯವೇತನ ತಡವಾಗುವುದರ ಮೂಲ ಬಹಳ ಸಲ ಬಳಕೆ ಪ್ರಮಾಣಪತ್ರದಲ್ಲಿ, ಅಂದರೆ ಬಂದ ಅನುದಾನವನ್ನು ಉದ್ದೇಶಕ್ಕೆ ತಕ್ಕಂತೆ ಬಳಸಿದ್ದೇವೆಂದು ಕೊಡುವ ಪತ್ರದಲ್ಲಿ, ಇರುತ್ತದೆ. 12-ಎ ನಮೂನೆಯಲ್ಲಿ ಅದನ್ನು ಖರ್ಚಿನ ವಿವರಗಳೊಡನೆ ಕಳಿಸದೆ ಮುಂದಿನ ಕಂತು ಬರುವುದಿಲ್ಲ. ಮಾರ್ಚ್ ಮುಗಿದ ಮೇಲೆ ಲೆಕ್ಕ ಹುಡುಕುವುದಕ್ಕಿಂತ, ಪ್ರತಿ ಯೋಜನೆಗೂ ಒಂದು ಪ್ರತ್ಯೇಕ ಲೆಡ್ಜರ್ ಇಟ್ಟು, ಖರ್ಚಾದದ್ದು, ಆದೇಶ ಕೊಟ್ಟು ಬಿಲ್ಲು ಬಾರದೆ ಉಳಿದದ್ದು, ಕೈಯಲ್ಲಿರುವುದು ಇವು ಮೂರನ್ನೂ ತಿಂಗಳಿಗೊಮ್ಮೆ ಪ್ರಧಾನ ಸಂಶೋಧಕರಿಗೆ ಕಳಿಸಿ. ಅನುದಾನದ ಮೇಲೆ ಬಂದ ಬಡ್ಡಿ ಸಂಸ್ಥೆಯದಲ್ಲ. ಅದನ್ನು ಕೇಂದ್ರ ಸರ್ಕಾರದ ಖಜಾನೆಯಾದ ಭಾರತದ ಸಂಚಿತ ನಿಧಿಗೆ ಹಿಂದಿರುಗಿಸಬೇಕು. ವರ್ಷಕ್ಕೊಮ್ಮೆ ಆಸ್ತಿಗಳ ಭೌತಿಕ ಪರಿಶೀಲನೆಯನ್ನೂ ಮರೆಯಬೇಡಿ, ಏಕೆಂದರೆ ದಾಸ್ತಾನು ಪುಸ್ತಕದಲ್ಲಿ ಒಂದು ಕೋಣೆಯಲ್ಲಿರುವ ಸೂಕ್ಷ್ಮದರ್ಶಕ ಎಷ್ಟೋ ಬಾರಿ ಮೂರನೆಯ ಮಹಡಿಯಲ್ಲಿ ಸಿಗುತ್ತದೆ.

ಪ್ರಶ್ನೆ ಕೇಳಿದವರು

ತಮಗೆಲ್ಲ ಹೃತ್ಪೂರ್ವಕ ಧನ್ಯವಾದಗಳು. ಕಾವಲು ಕೊಠಡಿಯ ಕಿಟಕಿಯ ವಿಷಯವನ್ನು ಓದಿದ ಕೂಡಲೇ ಹೋಗಿ ನೋಡಿದೆ. ತೆರೆಯಲಾಗದಂತೆ ತುಕ್ಕು ಹಿಡಿದಿದೆ, ನಾಳೆಯೇ ಸರಿಮಾಡಿಸುತ್ತೇನೆ. ಒಂದೇ ಸಂದೇಹ: ಕಾವಲುಗಾರರು ಪೆಟ್ಟಿಗೆಯನ್ನು ಫ್ರೀಜರಿಗೆ ಹಾಕಿದರೆ, ಉಗ್ರಾಣದವರು ಪರಿಶೀಲಿಸದೆ ಸಾಮಾನು ಸ್ವೀಕರಿಸಿದಂತಾಗುವುದಿಲ್ಲವೇ?

ಉತ್ತರ: ನಿವೃತ್ತ ಖರೀದಿ ಅಧಿಕಾರಿ

ಆಗುವುದಿಲ್ಲ. ಗೇಟಿನಲ್ಲಿ ಆಗುವುದು ಪೆಟ್ಟಿಗೆ ತಲುಪಿತೆಂಬ ದಾಖಲೆ ಮಾತ್ರ. ಸೀಲು ಒಡೆಯದೆ ಇಡೀ ಪೆಟ್ಟಿಗೆಯನ್ನೇ ಫ್ರೀಜರಿನಲ್ಲಿಟ್ಟು, ಬಂದ ಗಂಟೆಯನ್ನೂ ಇಟ್ಟವರ ಹೆಸರನ್ನೂ ಬರೆಯಲಿ. ‘ಪರಿಶೀಲನೆಗೆ ಒಳಪಟ್ಟು’ ಎಂಬ ಮೊಹರನ್ನು ಸಾಗಣೆ ಚೀಟಿಯ ಮೇಲೆ ಒತ್ತಲಿ. ಮಾರನೆಯ ಕೆಲಸದ ದಿನ ಉಗ್ರಾಣದವರು ಮತ್ತು ಇಂಡೆಂಟ್ ಕೊಟ್ಟವರು ಜೊತೆಯಲ್ಲಿ ತೆರೆದು ನೋಡಿ ದಾಸ್ತಾನಿಗೆ ತೆಗೆದುಕೊಳ್ಳಬೇಕು. ಇದನ್ನು ನಿರ್ದೇಶಕರ ಸಹಿಯಿರುವ ಕಚೇರಿ ಆದೇಶವಾಗಿ ಹೊರಡಿಸಿ, ಒಂದು ಪ್ರತಿಯನ್ನು ಕನ್ನಡದಲ್ಲಿ ಗೇಟಿನ ಗೋಡೆಗೆ ಅಂಟಿಸಿ.