ಸಹಾಯ ಬೇಕು: 1937ರ ‘ಡಿಕ್ ಟ್ರೇಸಿ’ ಸೀರಿಯಲ್‌ನ ಒಳ್ಳೆಯ ಪ್ರತಿ
ಎಲ್ಲರಿಗೂ ನಮಸ್ಕಾರ. ಪತ್ತೇದಾರ ಡಿಕ್ ಟ್ರೇಸಿಯ ಕಥೆ ಇರೋ, ರಿಪಬ್ಲಿಕ್ ಪಿಕ್ಚರ್ಸ್‌ನವರ ಈ 15 ಕಂತುಗಳ ಸೀರಿಯಲ್ (ಆಗ ಚಿತ್ರಮಂದಿರಗಳಲ್ಲಿ ಕಂತು ಕಂತಾಗಿ ತೋರಿಸ್ತಿದ್ದ ಸಿನಿಮಾ) ನೋಡ್ತಾ ಇದ್ದೀನಿ. ನನ್ನ ಪ್ರತಿಯಲ್ಲಿ ಕೊನೆಯ ಎರಡು ಕಂತುಗಳ ಧ್ವನಿ ಪೂರ್ತಿ ಕೆಟ್ಟಿದೆ, ಒಂದು ಮಾತೂ ಕೇಳಿಸಲ್ಲ. ಟ್ರೇಸಿಯ ಒಡಹುಟ್ಟಿದ ಗಾರ್ಡನ್‌ಗೆ ಖಳರು ಶಸ್ತ್ರಚಿಕಿತ್ಸೆ ಮಾಡಿ ಅವನನ್ನೇ ದುಷ್ಟನನ್ನಾಗಿ ಮಾಡ್ತಾರಲ್ಲ, ಆ ಕಥೆ ಹೇಗೆ ಮುಗಿಯುತ್ತೆ ಅಂತ ಪಾತ್ರಗಳ ಬಾಯಲ್ಲೇ ಕೇಳಬೇಕು ಅಂತ ತುಂಬಾ ಆಸೆ. ಟ್ರೇಸಿ ಪಾತ್ರ ಮಾಡಿರೋ ರಾಲ್ಫ್ ಬರ್ಡ್ ಅಭಿನಯ ಅಷ್ಟು ಹಿಡಿಸಿದೆ.

ಸ್ಪಷ್ಟ ಧ್ವನಿ ಇರೋ ಡಿವಿಡಿ ಯಾರ ಹತ್ತಿರವಾದರೂ ಇದೆಯಾ? ಸಬ್‌ಟೈಟಲ್ ಇದ್ದರೂ ಸಾಕು. ಇನ್ನೊಂದು: ಚೆಸ್ಟರ್ ಗೌಲ್ಡ್ ಅವರ ಕಾಮಿಕ್ಸ್‌ನಲ್ಲಿ ಟ್ರೇಸಿ ನಗರದ ಪೊಲೀಸ್ ಪತ್ತೇದಾರ, ಈ ಸೀರಿಯಲ್‌ನಲ್ಲಿ ಫೆಡರಲ್ ಏಜೆಂಟ್ (ಅಮೆರಿಕದ ಕೇಂದ್ರ ಸರ್ಕಾರದ ತನಿಖಾಧಿಕಾರಿ). ಯಾಕೆ ಬದಲಾಯಿಸಿದರು? ಗೊತ್ತಿದ್ದವರು ದಯವಿಟ್ಟು ತಿಳಿಸಿ.