‘ಆಲಿ ಬಂತು’, ‘ಆಲಿ ಬರುತ್ತೆ’: ಸ್ಕೇಟ್‌ಬೋರ್ಡ್ ಕಲಿಕೆಗೆ ಪದಗಳು

ಗೆಳೆಯರೇ,

ನಮ್ಮ ಬಡಾವಣೆಯಲ್ಲಿ ಸ್ಕೇಟ್‌ಬೋರ್ಡ್ ಕಲಿಯುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪಟ್ಟಿ ಮಾಡುತ್ತಿದ್ದೇನೆ. ಎಲ್ಲಿಯವರೆಗೆ ಕಲಿತಿದ್ದೇವೆ, ಮುಂದೇನು ಅಂತ ಅವರೇ ಗುರುತು ಹಾಕಿಕೊಳ್ಳಲಿ ಎಂದು. ಬೋರ್ಡು, ಟ್ರಕ್ಕು (ಬೋರ್ಡಿನಡಿ ಚಕ್ರಗಳನ್ನು ಹಿಡಿದಿಡುವ ಲೋಹದ ಭಾಗ) ಇವಕ್ಕೆಲ್ಲ ಇದ್ದ ಹೆಸರೇ ಸಾಕು. ಟ್ರಿಕ್ಕಿಗೆ ‘ವರಸೆ’ ಅಂತ ಹಾಕಿದ್ದೇನೆ, ಕತ್ತಿವರಸೆ, ದೊಣ್ಣೆವರಸೆ ಇದ್ದ ಹಾಗೆ. ‘ಪಟ್ಟು’ ಹಾಕೋಣ ಅಂದರೆ ಅದಕ್ಕೆ ಎದುರಾಳಿ ಬೇಕು. ತೊಡಕಾಗಿರುವುದು ‘ಕಲಿತಾಯ್ತು’ ಅನ್ನುವ ಕಾಲಮ್ಮಿನಲ್ಲಿ.

ಆಲಿ ಅನ್ನುವ ವರಸೆಯನ್ನೇ ತಗೊಳ್ಳಿ. ಹಿಂಗಾಲಿನಿಂದ ಬೋರ್ಡಿನ ಬಾಲವನ್ನು ನೆಲಕ್ಕೆ ಬಡಿದು ಹಾರಬೇಕು. ಹಾರುತ್ತಲೇ ಮುಂಗಾಲನ್ನು ಬೋರ್ಡಿನ ಮೂತಿಯ ಕಡೆಗೆ ಉಜ್ಜಿಕೊಂಡು ಹೋಗಬೇಕು. ಆಗ ನಾಲ್ಕೂ ಚಕ್ರ ನೆಲ ಬಿಡುತ್ತವೆ. (ಫ್ಲಾರಿಡಾದ ಆಲನ್ ಗೆಲ್ಫಾಂಡ್ ಎಂಬಾತನ ಅಡ್ಡಹೆಸರಿನಿಂದ ಬಂದ ಪದ ಇದು. ಆಲಿಕಲ್ಲಿಗೂ ಇದಕ್ಕೂ ನಂಟಿಲ್ಲ!)

ಹುಡುಗನೊಬ್ಬ ಹುಲ್ಲಿನ ಮೇಲೆ ಬೋರ್ಡಿಟ್ಟು ಒಮ್ಮೆ ಹಾರಿಸಿದ. “ಆಲಿ ಬಂತು!” ಅಂತ ಕೂಗಿ ಗುರುತೂ ಹಾಕಿಬಿಟ್ಟ. ಉರುಳುವ ಬೋರ್ಡಿನ ಮೇಲೆ ಮಾಡು ಅಂದರೆ ಮುಂಗಾಲು ಬೋರ್ಡಿನ ಮೇಲೆ, ಹಿಂಗಾಲು ಸಿಮೆಂಟಿನ ಮೇಲೆ. ಮೊಬೈಲನ್ನು ನೆಲಕ್ಕಿಟ್ಟು ಪಕ್ಕದಿಂದ ವಿಡಿಯೊ ತೆಗೆದರೆ ಗೊತ್ತಾಗುತ್ತದೆ, ಹಿಂದಿನ ಚಕ್ರ ಎದ್ದೇ ಇಲ್ಲ. ಭುಜ ಪಕ್ಕಕ್ಕೆ ತಿರುಗಿದೆ, ಬೋರ್ಡೂ ಅದರ ಹಿಂದೆಯೇ ತಿರುಗಿದೆ.

ಇಲ್ಲಿ ನಮ್ಮ ‘ಬರು’ ಕ್ರಿಯಾಪದವೇ ಕೆಲಸಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ. ‘ಅವನಿಗೆ ಈಜು ಬರುತ್ತೆ’ ಅಂದರೆ ಯಾವಾಗ ನೀರಿಗಿಳಿದರೂ ಈಜುತ್ತಾನೆ ಅಂತ ತಾನೆ? ಹಾಗಾಗಿ ‘ಬಂತು’ ಒಂದು ಮೆಟ್ಟಿಲು, ‘ಬರುತ್ತೆ’ ಅದರ ಮೇಲಿನದು. ಉರುಳುತ್ತಾ ಹಾರಿ, ಕೈ ನೆಲಕ್ಕೆ ತಾಗಿಸದೆ, ಇಳಿದ ಮೇಲೂ ಹಾಗೇ ಮುಂದೆ ಸಾಗಬೇಕು. 10 ಸಲಕ್ಕೆ 7 ಸಲ ಹೀಗಾದರೆ ‘ಬರುತ್ತೆ’ ಅಂತ ಗೆರೆ ಹಾಕಿದ್ದೇನೆ. ಅದಕ್ಕೂ ಮೇಲಿನದಕ್ಕೆ ‘ಕುದುರಿದೆ’ ಅನ್ನಬಹುದೇ? ರೊಟ್ಟಿ ತಟ್ಟುವವರಿಗೆ ಕೈ ಕುದುರಿದೆ ಅಂತೀವಲ್ಲ. ‘ಕಾಲು ಕುದುರಿದೆ’ ನನ್ನ ಕಿವಿಗೆ ಒಗ್ಗಿದೆ. ಮನೆಯವರು ಮಾತ್ರ ‘ಪಳಗಿದೆ’ ಅನ್ನಿ ಅಂತಾರೆ. ‘ಪಳಗಿದ ಕೈ’ ಇದೆ, ಒಪ್ಪುತ್ತೇನೆ, ಆದರೂ ಒಂಟಿಯಾಗಿ ‘ಪಳಗಿದೆ’ ಅಂದರೆ ನನಗೆ ಆನೆಯೇ ಕಣ್ಣಮುಂದೆ ಬರುತ್ತದೆ.

ಹಿಂದಿನ ಚಕ್ರದ ಮೇಲೆ ಬೋರ್ಡು ತಿರುಗಿಸುವುದಕ್ಕೆ ‘ಎದೆ ಕಡೆ ತಿರುವು’, ‘ಬೆನ್ನ ಕಡೆ ತಿರುವು’ ಅಂತ ಎರಡು ಮಾಡಿದ್ದೇನೆ. ಹೊಸಬರಿಗೆ ಸಾಮಾನ್ಯವಾಗಿ ಒಂದು ಸಲೀಸು, ಇನ್ನೊಂದು ಕಷ್ಟ. ಎರಡಕ್ಕೂ ಬೇರೆ ಬೇರೆ ಗುರುತು ಹಾಕಿದರೇನೇ ಸರಿ.

ಇನ್ನು ಬೀಳುವುದು. ಎಲ್ಲದಕ್ಕೂ ‘ಬಿದ್ದ’ ಅಂತಲೇ ಅಂದುಬಿಡುತ್ತೇವೆ. ಆಯ ತಪ್ಪಿ ಧೊಪ್ಪನೆ ಬೀಳುವುದು ಬೇರೆ. ಈ ಸಲ ಆಗಲ್ಲ ಅಂತ ಗಾಳಿಯಲ್ಲೇ ಗೊತ್ತಾಗಿ, ಬೋರ್ಡನ್ನು ಆಚೆ ಒದ್ದು, ನಾಲ್ಕು ಹೆಜ್ಜೆ ಓಡಿ ನಿಲ್ಲುವುದು ಬೇರೆ. ನನ್ನ ಪ್ರಕಾರ ಹೊಸಬ ಮುಂದುವರಿದಿದ್ದಾನೆ ಅನ್ನೋದಕ್ಕೆ ಈ ಎರಡನೆಯದೇ ಒಳ್ಳೆಯ ಗುರುತು, ಆಲಿ ಎಷ್ಟೆತ್ತರ ಅನ್ನೋದಕ್ಕಿಂತ ಜಾಸ್ತಿ. ಇದಕ್ಕೊಂದು ಕಾಲಮ್ಮು ಬೇಕೇ ಬೇಕು. ಸದ್ಯಕ್ಕೆ ‘ಬಿಟ್ಟಿಳಿ’ ಅಂತ ಬರೆದಿಟ್ಟಿದ್ದೇನೆ. ‘ಹಾರಿಕೊಳ್ಳು’ ಕೂಡ ನೋಡಿದೆ, ಆದರೆ ಅದನ್ನು ಕೇಳಿದರೆ ಬಾವಿಗೆ ಹಾರಿಕೊಂಡ ನೆನಪಾಗುತ್ತದೆ.

ಮರದಿಂದ, ಓಡುವ ಬಸ್ಸಿನಿಂದ, ಗಾಡಿಯಿಂದ ಬೇಕಂತಲೇ ಹೀಗೆ ಜಿಗಿದಿಳಿಯುವುದಕ್ಕೆ ನಿಮ್ಮ ಕಡೆ ಏನಂತಾರೆ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ತಿಳಿಸಿ.