ಸಹಾಯ ಬೇಕು: ತಬಲಾ ಕೋಣೆ ಗೋಳಗುಮ್ಮಟ ಆಗಬಾರದು!

ವಿಜಯಪುರದಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ನನಗೆ ತಬಲಾ ಹುಚ್ಚು, ಹೆಂಡತಿಗೆ ಚಿತ್ರಕಲೆ. ಅವಳ ಕೋಣೆ ಸುಲಭ: ಉತ್ತರಕ್ಕೆ ದೊಡ್ಡ ಕಿಟಕಿ ಇಟ್ಟರೆ ದಿನವಿಡೀ ಒಂದೇ ಹದದ ಬೆಳಕು, ಬಿಸಿಲೂ ಕಡಿಮೆ.

ತಲೆನೋವು ನನ್ನದು. ಸೆಕೆಗೆಂದು ದಪ್ಪ ಕಲ್ಲಿನ ಗೋಡೆ ಎಬ್ಬಿಸಿದ್ದೇವೆ, ಏಸಿ ಬೇಡ ಅಂತ. ಮೊನ್ನೆ ಖಾಲಿ ಕೋಣೆಯಲ್ಲಿ ಒಂದು 'ಧಾ' ಬಾರಿಸಿದೆ. ಅದರ ಪ್ರತಿಧ್ವನಿ ಮುಗಿಯುವ ಮೊದಲೇ ಮುಂದಿನ ಬೋಲ್ (ತಬಲಾದ ಪೆಟ್ಟು) ಅದರ ಮೇಲೆ ಬಿತ್ತು, ಎಲ್ಲ ಕಲಸುಮೇಲೋಗರ! ಗುಮ್ಮಟದಲ್ಲಾದರೆ ಮಜಾ, ರಿಯಾಜಿಗೆ (ಅಭ್ಯಾಸಕ್ಕೆ) ಅಲ್ಲ ಅಲ್ವಾ?

ಸದ್ದು ಹೀರೋ ಫೋಮ್ ಅಂಟಿಸಲು ಮನಸ್ಸಿಲ್ಲ. ಅವ್ವನ ಹಳೇ ಕೌದಿಗಳನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿ, ಕೆಳಗೆ ಜಮಖಾನೆ ಹಾಸಿದರೆ ಸಾಕಾ? ಸೀಲಿಂಗಿಗೆ ಬಿದಿರಿನ ಚಾಪೆ ಯಾರಾದರೂ ಹಾಕಿಸಿದ್ದೀರಾ? ಸುಣ್ಣದ ಗಾರೆ ಬಲ್ಲ ಮೇಸ್ತ್ರಿ ಗೊತ್ತಿದ್ದರೂ ತಿಳಿಸಿ.